ಗಾಜಿನ ಬೀರುವಿನಲ್ಲಿದ್ದ ಕರಡಿಗೆ

ಕರಡಿಗೆಯ ಮುಚ್ಚಳದ ಮೇಲಿದ್ದ ತಾಮ್ರದ ತೇಪೆ ಎಡಕ್ಕಿತ್ತೋ ಬಲಕ್ಕಿತ್ತೋ ಎಂದು ಯಾರಾದರೂ ಕೇಳಿದರೆ ನಾನು ಈಗ ಬಲಕ್ಕೆ ಎನ್ನುತ್ತೇನೆ. ಆ ವಾರ ಬರೆದ ದಿನಚರಿಯಲ್ಲಿ ಎಡಕ್ಕೆ ಎಂದಿದೆ. ಹಾಗಾಗಿ ಇಲ್ಲಿ ಇನ್ನೂ ಕೆಲವು ಸಂಗತಿಗಳು ತಪ್ಪಿರಬಹುದು. ಬಸ್ಸು ಹೊರಟ ಹೊತ್ತು, ಪಂಕ್ತಿಯಲ್ಲಿ ಕೂತವರ ಸಂಖ್ಯೆ, ಮುಖ್ಯವಾಗಿ ನಾನು ಆಡಿದ ಮಾತಿನ ಹರಿತ. ನೆನಪು ಆ ಮಾತನ್ನು ವರ್ಷಕ್ಕಿಷ್ಟು ಸಾಣೆ ಹಿಡಿಯುತ್ತಾ ಬಂದಿದೆ ಎಂಬ ಗುಮಾನಿ ನನಗಿದೆ. ಸಿಟ್ಟಿನ ವಿಷಯದಲ್ಲಿ ಮಾತ್ರ ದಿನಚರಿಗೂ ನನಗೂ ಜಗಳವಿಲ್ಲ. ಅದು ಅಲ್ಲಿ ಎಷ್ಟಿದೆಯೋ ಇಲ್ಲೂ ಅಷ್ಟೇ ಇದೆ.

ಊರಿನ ಹೆಸರು ಬರೆಯುವುದಿಲ್ಲ. ಬರೆದರೆ ಅದಕ್ಕೆ ನಾನೇ ಒಂದು ಜಾಹೀರಾತು ಕೊಟ್ಟಂತಾಗುತ್ತದೆ. ಹೆಗ್ಗಡದೇವನಕೋಟೆಯಿಂದ ಅಂತರಸಂತೆ, ಅಲ್ಲಿಂದ ಕಾಡು, ಕಾಡು ಮುಗಿದ ಮೇಲೆ ಬಾವಲಿ, ಆಮೇಲೆ ಘಟ್ಟ. ಘಟ್ಟದ ಮೇಲಿನ ಆ ಊರಿನಲ್ಲಿ ನಾನು ಮಗುವಾಗಿದ್ದಾಗ ಚಿನ್ನದ ಗಣಿ ಇತ್ತು. ನಾನು ಮೈಸೂರಿನಲ್ಲಿ ಬಿ.ಎ. ಓದುವ ಹೊತ್ತಿಗೆ, ಐವತ್ತರ ದಶಕದ ನಡುವಿನಲ್ಲಿ, ಗಣಿ ಮುಚ್ಚಿ ಎಷ್ಟೋ ವರ್ಷವಾಗಿತ್ತು. ಸಾಹೇಬರ ಬಂಗಲೆಗಳು ಬಾಡಿಗೆಯ ಕೋಣೆಗಳಾಗಿದ್ದವು. ಅದಿರು ತೊಳೆಯಲು ಕಟ್ಟಿದ್ದ ಕೆರೆಯಲ್ಲಿ ದೋಣಿ ಬಿಟ್ಟಿದ್ದರು. ಬೇಸಿಗೆಯಲ್ಲಿ ಮೈಸೂರಿನ ಅಧಿಕಾರಿಗಳು, ಸಾಲಿಗ್ರಾಮ ಕೃಷ್ಣರಾಜನಗರದ ವ್ಯಾಪಾರಸ್ಥರು ಸಂಸಾರ ಸಮೇತ ಹೋಗಿ ಒಂದು ವಾರ ತಂಪು ಗಾಳಿ ಕುಡಿದು ಬರುತ್ತಿದ್ದರು.

ನಮ್ಮಪ್ಪ ಅಲ್ಲಿಗೆ ಹೋದದ್ದು ಗಾಳಿ ಕುಡಿಯಲು ಅಲ್ಲ. ಅವನು ಚುಂಚನಕಟ್ಟೆಯ ಕಡೆಯವನು. ಮದುವೆಯಾಗಿ ಅಂತರಸಂತೆಯ ನಮ್ಮವ್ವನ ಮನೆಗೆ ಮನೆಅಳಿಯನಾಗಿ ಬಂದವನು. ಅವ್ವನ ಅಣ್ಣ, ಅಂದರೆ ನನ್ನ ಸೋದರಮಾವ, ಮನೆಯ ಯಜಮಾನ. ಮಾವನ ನಾಲಿಗೆ ಆ ಕಾಲದಲ್ಲಿ ಹೇಗಿತ್ತು ಎಂಬುದಕ್ಕೆ ಅವ್ವ ಒಂದು ಮಾತನ್ನು ಮತ್ತೆ ಮತ್ತೆ ಹೇಳುತ್ತಿದ್ದಳು. ಒಂದು ದಿನ ಊಟದ ಹೊತ್ತಿನಲ್ಲಿ ಮಾವ, "ನಮ್ ಬಾವಂಗೆ ಇನ್ನೊಂದು ಮುದ್ದೆ ಇಕ್ಕವ್ವ. ಉಣ್ಣೋ ಕೆಲ್ಸದಾಗೆ ಅವ್ರು ಯಾವತ್ತೂ ಸೋತೋರಲ್ಲ" ಎಂದನಂತೆ. ಅಪ್ಪ ತಟ್ಟೆಯಲ್ಲಿದ್ದುದನ್ನು ಉಂಡು ಮುಗಿಸಿ, ಕೈತೊಳೆದು, ಮುಂದಿನ ವಾರ ಘಟ್ಟ ಹತ್ತಿದ. ಆಗ ನನಗೆ ನಾಲ್ಕು ವರ್ಷ. ಹೊಲದ ಬದುವಿನ ಮೇಲೆ ದೂರವಾಗುತ್ತಿದ್ದ ಅವನ ಬೆನ್ನು ನನಗೆ ನೆನಪಿದೆ. ಅದೂ ಅವ್ವನ ಬಾಯಲ್ಲಿ ಕೇಳಿ ಕೇಳಿ ನಾನೇ ಕಟ್ಟಿಕೊಂಡ ಬೆನ್ನಿರಬಹುದು.

ಇನ್ನು ಕರಡಿಗೆಯ ವಿಷಯ. ನಾವು ಶಿವಭಕ್ತರು, ಲಿಂಗ ಕಟ್ಟುವ ಜನ. ಮೊಟ್ಟೆಯಾಕಾರದ ಪುಟ್ಟ ಬೆಳ್ಳಿಯ ಡಬ್ಬಿ ಕರಡಿಗೆ. ಅದರೊಳಗೆ ಇಷ್ಟಲಿಂಗವಿಟ್ಟು ಶಿವದಾರದಿಂದ ಕೊರಳಿಗೆ ಕಟ್ಟಿಕೊಳ್ಳುತ್ತೇವೆ. ಜೀವ ಇರುವವರೆಗೂ ಅದು ಮೈ ಬಿಡಬಾರದು, ಜೀವ ಹೋದ ಮೇಲೆ ದೇಹದ ಜೊತೆಗೇ ಮಣ್ಣಿಗೆ ಹೋಗಬೇಕು. ಗಣಿಯ ಕಾನೂನು ಬೇರೆ ಇತ್ತು. ಸುರಂಗದಿಂದ ಹೊರಬರುವವರ ಬಾಯಿ, ಕಿವಿ, ಮುಡಿ ಎಲ್ಲ ಹುಡುಕುತ್ತಿದ್ದರು. ಮುಚ್ಚಳವಿರುವ ಯಾವ ಡಬ್ಬಿಯನ್ನೂ ಒಳಗೆ ಒಯ್ಯುವಂತಿರಲಿಲ್ಲ. ಅದರಲ್ಲಿ ಚಿನ್ನದ ಕಲ್ಲು ಬರಬಹುದು ಎಂಬ ಗುಮಾನಿ. ಬೇರೆ ಯಾರ ಕೈಗಾದರೂ ಆಗಿದ್ದರೆ ಅಪ್ಪ ಕರಡಿಗೆ ಬಿಚ್ಚಿ ಕೊಡುತ್ತಿರಲಿಲ್ಲ. ಆದರೆ ಆಳುಗಳ ಮೇಸ್ತ್ರಿ ನಮ್ಮವನೇ, ಅವನ ಕೊರಳಲ್ಲೂ ಲಿಂಗವಿತ್ತು. ತನ್ನ ಬಿಡಾರದ ದೇವರ ಗೂಡಿನಲ್ಲಿ ನಮ್ಮವರ ಕರಡಿಗೆಗಳನ್ನು ವಿಭೂತಿ ಹಚ್ಚಿ ಇಟ್ಟಿದ್ದು, ಮೇಲೆ ಬಂದ ಕೂಡಲೇ ಕೊಡುತ್ತಿದ್ದ. ಇದನ್ನು ಅಪ್ಪ ಒಮ್ಮೆ ಊರಿಗೆ ಬಂದಾಗ ಹೇಳಿದನಂತೆ. ಅವ್ವ ಜಗಳವಾಡಿದಳಂತೆ. "ನಮ್ಮೋನೇ ಕಣೆ, ಇನ್ಯಾರನ್ನ ನಂಬ್ಲಿ?" ಎಂದನಂತೆ ಅಪ್ಪ.

ಆಮೇಲೆ ಅವನು ಬರಲಿಲ್ಲ. ಎರಡು ತಿಂಗಳು ನೋಡಿ ಮಾವ ವಿಚಾರಿಸಲು ಹೋದ. ಮೂರು ದಿನಕ್ಕೆ ತಿರುಗಿ ಬಂದು, ಹೊಸ್ತಿಲಾಚೆಯೇ ನಿಂತು ಹೇಳಿದ:

"ಓಡೋಗವ್ನಂತೆ. ಮಲೆಯಾಳದ ಕಡೀಕೆ. ಮೇಸ್ತ್ರಿ ಹೇಳ್ದ. ಹಾಡಿಯೋರು ಇಬ್ರು ಜೊತೇಲಿ ಹೋಗವ್ರಂತೆ."

ಅವ್ವ ಕೇಳಿದ್ದು ಒಂದೇ ಮಾತು. "ಕರಡಿಗೆ?"

"ಕೊರಳಾಗೆ ಕಟ್ಕಂಡೇ ಹೋದ್ನಂತೆ."

ಈ ಮಾತುಗಳಲ್ಲಿ ನನಗೆ ಸಂಶಯವಿಲ್ಲ. ಅವ್ವ ಇದನ್ನು ಎಷ್ಟೋ ಸಲ ಹೇಳಿದ್ದಾಳೆ, ಪ್ರತಿ ಸಲವೂ ಒಂದಕ್ಷರ ಹೆಚ್ಚುಕಡಿಮೆಯಾಗದೆ ಹೇಳಿದ್ದಾಳೆ. ಕರಡಿಗೆ ಮೇಸ್ತ್ರಿಯ ಗೂಡಿನಲ್ಲಿ ಉಳಿದಿದ್ದರೆ ಅಪ್ಪ ಸುರಂಗದೊಳಗೆ ಹೋದವನು ಮೇಲೆ ಬರಲಿಲ್ಲ ಎಂದು ಅರ್ಥ. ನಮ್ಮವರಲ್ಲಿ ಯಾರೂ ಲಿಂಗ ಬಿಟ್ಟು ಓಡಿಹೋಗುವುದಿಲ್ಲ. ಕೊರಳಲ್ಲೇ ಹೋಗಿದ್ದರೆ ಅಪ್ಪ ಎಲ್ಲೋ ಬದುಕಿದ್ದಾನೆ, ಹೆಂಡತಿ ಮಗಳನ್ನು ಬಿಟ್ಟು. ಅವ್ವ ಮುಂದಿನ ಹದಿನೆಂಟು ವರ್ಷ ಕುಂಕುಮವಿಟ್ಟಳು, ಬಳೆ ತೊಟ್ಟಳು, ಮತ್ತು ಎಲ್ಲರ ಬಾಯಲ್ಲೂ ಗಂಡ ಬಿಟ್ಟೋದೋಳಾದಳು.

ಬಾವಿಕಟ್ಟೆಯಲ್ಲಿ ಒಬ್ಬಾಕೆ ಕೇಳಿದ್ದು ನನಗೇ ನೆನಪಿದೆ: "ಏನವ್ವ, ನಿನ್ ಗಂಡ ಕಾಗ್ದ ಬರದ್ನಾ? ಮಲೆಯಾಳದಾಗೆ ಬರದ್ರೆ ನಿಂಗೆ ಓದಾಕ್ ಬಂದಾತಾ?" ಸುತ್ತ ಇದ್ದವರೆಲ್ಲ ನಕ್ಕರು. ನಾನು ದಿನಚರಿ ಬರೆಯಲು ಶುರು ಮಾಡಿದ್ದು ಸಾಹಿತ್ಯದ ಪ್ರೀತಿಯಿಂದಲ್ಲ. ಯಾರು ಯಾವತ್ತು ಏನೆಂದರು ಎಂದು ಮರೆಯದಿರಲು. ಮೊದಲ ಪುಟದಲ್ಲಿ ಆಕೆಯ ಮಾತಿದೆ. ಎರಡನೇ ಪುಟದಲ್ಲಿ ನನ್ನನ್ನು ನೋಡಲು ಬಂದಿದ್ದ ಗಂಡಿನ ಚಿಕ್ಕಪ್ಪನ ಮಾತಿದೆ: "ಹೆಣ್ಣು ಒಪ್ಪಿಗೆ. ಧಾರೆ ಎರೆಯೋಕೆ ಅಪ್ಪನ್ನ ಕರೆಸ್ತೀರಾ, ಇಲ್ಲಾ ಹುಡುಕಿಸ್ತೀರಾ?"

ಕಾಡಿನವರ ಹಾಡಿಯ ಒಬ್ಬ ಮುದುಕಿ ಅಂತರಸಂತೆಯ ಸಂತೆಗೆ ಜೇನು ತರುತ್ತಿದ್ದಳು. ಅಪ್ಪನ ಜೊತೆ ಓಡಿಹೋದರು ಎನ್ನಲಾದ ಇಬ್ಬರಲ್ಲಿ ಒಬ್ಬ ಅವಳ ಮಗ. ಅವಳು ಅವ್ವನಿಗೆ ಹೇಳಿದ್ದಳು: "ನಮ್ಮೋರು ಮಣ್ಣಾದ್ರು ಕಣವ್ವ. ನಾವು ಮಾಡೋದ್ ಮಾಡಿ ಮುಗಿಸ್ದೋ. ನಿನ್ ಗಂಡನೂ ಅಲ್ಲೇ ಅವ್ನೆ, ಮಾಡ್ಬುಡು." ಮಾವ ಆ ಮಾತನ್ನು ತಳ್ಳಿಹಾಕಿದ. "ಕಾಡಿನೋರ್ ಮಾತು ಕಟ್ಕಂಡು ತಾಳಿ ತಗ್ದಿಯಾ?" ಎಂದ. ಅವ್ವ ತೆಗೆಯಲಿಲ್ಲ.

ಬಿ.ಎ. ಕೊನೆಯ ವರ್ಷ, ಬೇಸಿಗೆ ರಜೆ ಮುಗಿಸಿ ಬಂದ ನನ್ನ ಸಹಪಾಠಿಯೊಬ್ಬಳು ಹಾಸ್ಟೆಲಿನಲ್ಲಿ ತನ್ನ ಪ್ರವಾಸದ ಕಥೆ ಹೇಳುತ್ತಿದ್ದಳು. ಅದೇ ಗಣಿಯೂರಿಗೆ ಹೋಗಿದ್ದಳಂತೆ. ದೋಣಿ, ಗುಲಾಬಿ ತೋಟ, ಬೆಳಗಿನ ಮಂಜು. ಗಣಿಯ ಹಳೇ ಮೇಸ್ತ್ರಿ ನಡೆಸುವ ವಸತಿಗೃಹದಲ್ಲಿ ಇಳಿದುಕೊಂಡಿದ್ದರಂತೆ; ಅದರ ಹಜಾರದಲ್ಲಿ ಒಂದು ಗಾಜಿನ ಬೀರು, ಅದರ ತುಂಬ ಗಣಿಯ ಹಳೇ ಸಾಮಾನು.

"ದೀಪ, ಸುತ್ತಿಗೆ, ಬೂಟು, ಏನೇನೋ. ಒಂದು ನಶ್ಯದ ಡಬ್ಬಿ ಇತ್ತು, ಬೆಳ್ಳೀದು. ನಿನ್ನ ಕತ್ತಲ್ಲಿರೋ ಥರದ್ದೇ ಕಣೆ! ತಾಮ್ರದ ತೇಪೆ ಹಾಕಿದ್ರು ಪಾಪ."

ಮದುವೆಗೆ ಮುಂಚೆ ಅಪ್ಪನ ಕರಡಿಗೆಯ ಮುಚ್ಚಳ ಬಿರುಕುಬಿಟ್ಟಿತ್ತು ಎಂದೂ ಹುಣಸೂರಿನ ಅಕ್ಕಸಾಲಿಗ ಬೆಳ್ಳಿಗೆ ತಾಮ್ರ ಬೆಸೆದು ಕೊಟ್ಟನೆಂದೂ ಅವ್ವ ಹೇಳಿದ್ದಳು. ಹೇಳಿದ್ದಳೇ? ನನಗೆ ನಾನೇ ಈ ಪ್ರಶ್ನೆಯನ್ನು ಬಹಳ ಸಲ ಹಾಕಿಕೊಂಡಿದ್ದೇನೆ. ಸಹಪಾಠಿ ತೇಪೆ ಎಂದ ಮೇಲೆ ನಾನು ಅದನ್ನು ಅವ್ವನ ಕಥೆಯೊಳಗೆ ಸೇರಿಸಿಕೊಂಡೆನೇ? ದಿನಚರಿಯ ಹಳೆಯ ಪುಟಗಳನ್ನು ತಿರುವಿ ನೋಡಿದೆ. ತಾಮ್ರದ ಮಾತು ಎಲ್ಲೂ ಇರಲಿಲ್ಲ. ಇಲ್ಲದಿದ್ದರೇನು, ಅವ್ವ ಹೇಳಿದ್ದನ್ನೆಲ್ಲ ಬರೆದಿಟ್ಟವಳೇನೂ ಅಲ್ಲ ನಾನು. ಹೀಗೆ ಸಮಾಧಾನ ಹೇಳಿಕೊಂಡು ಊರಿಗೆ ಹೊರಟೆ.

ಅವ್ವನಿಗೆ ಏನೂ ಹೇಳಲಿಲ್ಲ. ಮಾವನಿಗೆ ಮಾತ್ರ ಹೇಳಿದೆ, ಒಂಟಿ ಹೆಣ್ಣು ಆ ದಾರಿಯಲ್ಲಿ ಹೋಗುವಂತಿರಲಿಲ್ಲವಾದ್ದರಿಂದ. ಅವನು ಹೊಗೆಸೊಪ್ಪಿನ ವ್ಯವಹಾರಕ್ಕೆ ಪಿರಿಯಾಪಟ್ಟಣಕ್ಕೆ ಹೊರಟಿದ್ದವನು, ಎಲೆಯಡಿಕೆ ಸಂಚಿಯನ್ನು ಕೆಳಗಿಟ್ಟ.

"ಅಲ್ಲೇನೈತೆ ನೋಡಾಕೆ? ಬರೀ ಚಳಿ."

"ಅಪ್ಪನ ಕರಡಿಗೆ ಇದೆ ಅಂತಾರೆ."

"ಲೋಕದಾಗೆ ಅದೊಂದೇನಾ ಕರಡಿಗೆ? ಓದಿ ಓದಿ ನಿಂಗೆ ತಲೆ ತಿರುಗೈತೆ ಕಣ್ ಮಗ."

"ನೀನು ಬರದಿದ್ದರೆ ಒಬ್ಬಳೇ ಹೋಗ್ತೀನಿ."

ಬಂದ. ದಾರಿಯುದ್ದಕ್ಕೂ ಕಿಟಕಿಯಾಚೆ ನೋಡುತ್ತಾ ಎಲೆಯಡಿಕೆ ಜಗಿದ. ನಾನು ಮನಸ್ಸಿನಲ್ಲೇ ಮೇಸ್ತ್ರಿಯನ್ನು ಇಪ್ಪತ್ತು ರೀತಿಯಲ್ಲಿ ಅವಮಾನ ಮಾಡುತ್ತಾ ಕೂತಿದ್ದೆ. ಪೊಲೀಸು ಬೇಡ, ಕೋರ್ಟು ಬೇಡ. ಅವು ಅವನಿಗೆ ವಕೀಲನೊಬ್ಬನನ್ನು ಕೊಡುತ್ತವೆ ಅಷ್ಟೆ. ಅವ್ವನನ್ನು ನೋಡಿ ಹತ್ತು ಜನ ಹೇಗೆ ನಕ್ಕರೋ ಹಾಗೆ ಹತ್ತು ಜನರ ನಡುವೆ ಅವನು ಮಾತಿಲ್ಲದೆ ನಿಲ್ಲಬೇಕು. ಅವನ ಬಾಯಿಂದಲೇ ನಿಜ ಬರಬೇಕು. ಹೇಗೆಂದೂ ಯೋಚಿಸಿದ್ದೆ. ತರ್ಕಶಾಸ್ತ್ರ ಓದಿದ್ದು ಅದೊಂದು ಸಲ ನನ್ನ ಕೈಹಿಡಿಯಿತು.

ಬಸ್ಸಿಳಿದ ಕಡೆಯಿಂದ ಎರಡು ಫರ್ಲಾಂಗು. ಬಿಳಿ ಸುಣ್ಣದ ಬಂಗಲೆ, ಮುಂದೆ ಬೋರ್ಡು: ಶುದ್ಧ ವೀರಶೈವ ಊಟ, ಬಿಸಿನೀರು, ದೋಣಿವಿಹಾರ. ಬೋರ್ಡು ಕಂಡ ಕೂಡಲೇ ಮಾವ ರಸ್ತೆಯ ಮೋರಿಯ ಮೇಲೆ ಕೂತುಬಿಟ್ಟ.

"ನೀ ಹೋಗ್ಬುಟ್ಟು ಬಾ. ನನ್ ಕಾಲು ನೋಯ್ತದೆ."

"ಬಸ್ಸಲ್ಲಿ ಕೂತು ಬಂದ ಕಾಲು ಹೇಗೆ ನೋಯುತ್ತೆ ಮಾವ?"

"ನನ್ ಕಾಲು ನಂಗೊತ್ತು, ಓಗು."

ಒಳಗೆ ಹೋದೆ. ಮೇಸ್ತ್ರಿಯನ್ನು ನಾನು ಹಿಂದೆ ನೋಡಿರಲಿಲ್ಲ; ಬಂಗಲೆಯ ಯಜಮಾನ ಅವನೇ ಎಂದು ಸಹಪಾಠಿಯ ಮಾತಿನಿಂದ ತಿಳಿದಿತ್ತು. ನಾನು ಊಹಿಸಿಕೊಂಡಿದ್ದ ರಾಕ್ಷಸ ಅಲ್ಲಿರಲಿಲ್ಲ. ಸಣ್ಣಗಿನ ಮುದುಕ, ಹಣೆಯ ತುಂಬ ವಿಭೂತಿ, ಶುಭ್ರ ಪಂಚೆ. "ಬಾ ತಾಯಿ, ಬಾ ತಾಯಿ, ಬಿಸಿಲಾಗೆ ಬಂದಿದೀಯ" ಎಂದು ಬೆಂಚು ಒರೆಸಿ ಕೂರಿಸಿದ. ಆ ಉಪಚಾರದಿಂದ ನನಗೆ ಸಿಟ್ಟಿಗಿಂತ ಹೆಚ್ಚು ಅಸಹ್ಯವಾಯಿತು.

ಬಂಗಲೆಯ ಹಿಂದೆ, ಗುಡ್ಡದ ಬುಡದಲ್ಲಿ ಸುರಂಗವೊಂದರ ಬಾಯಿ ಇತ್ತು. ಬಾಯಿಗೆ ಬಣ್ಣದ ಕಟಕಟೆ, ಪಕ್ಕದಲ್ಲಿ ಕಲ್ಲುಬೆಂಚು. ಒಳಗಿನ ತಂಪಿಗೆ ಗೋಲಿಸೋಡಾ ಬಾಟಲಿಗಳನ್ನು ಸಾಲಾಗಿ ಜೋಡಿಸಿದ್ದರು. ಹೊಸದಾಗಿ ಮದುವೆಯಾದ ಜೋಡಿಯೊಂದು ಕಟಕಟೆಗೆ ಒರಗಿ ಫೋಟೋ ತೆಗೆಸಿಕೊಳ್ಳುತ್ತಿತ್ತು. ಮೇಸ್ತ್ರಿ ತಾನೇ ಹೋಗಿ ಒಂದು ಬಾಟಲಿ ತಂದು ಗೋಲಿ ಒತ್ತಿ ನನ್ನ ಕೈಗೆ ಕೊಟ್ಟ. "ಐಸು ಬ್ಯಾಡ ಕಣವ್ವ ನಮ್ಗೆ. ನಮ್ ಗುಡ್ಡವೇ ಐಸು." ನಾನು ಅದನ್ನು ಮುಟ್ಟದೆ ಕೆಳಗಿಟ್ಟೆ ಎಂದು ಎಷ್ಟೋ ಜನರಿಗೆ ಹೇಳಿದ್ದೇನೆ. ದಿನಚರಿಯಲ್ಲಿ ಹೀಗಿದೆ: "ಸೋಡಾ ಕುಡಿದೆ. ತುಂಬ ಚೆನ್ನಾಗಿತ್ತು."

ಹಜಾರಕ್ಕೆ ಹೋಗಿ ಬೀರು ನೋಡಿದೆ. ಕೆಳಗಿನ ಹಲಗೆಯಲ್ಲಿ, ಒಂದು ತೂತುಬಿದ್ದ ಬೂಟಿನ ಪಕ್ಕ ಕರಡಿಗೆ ಇತ್ತು. ಕಪ್ಪಾಗಿದ್ದ ಬೆಳ್ಳಿ, ತಾಮ್ರದ ತೇಪೆ, ದಾರ ಪೋಣಿಸುವ ಎರಡು ಕಿವಿ. ಮುಂದೆ ಒಂದು ಚೀಟಿ: ಗಣಿ ಕೆಲಸಗಾರರ ನಶ್ಯದ ಡಬ್ಬಿ. ನನಗೆ ಆಗಿದ್ದು ಒಂದು ಬಗೆಯ ಹಸಿವು.

ಊಟದ ಹೊತ್ತಾಯಿತು. ಪಂಕ್ತಿಯಲ್ಲಿ ಸಾಲಿಗ್ರಾಮದಿಂದ ಬಂದಿದ್ದ ಒಬ್ಬ ಬಟ್ಟೆ ವ್ಯಾಪಾರಿ, ಅವನ ಹೆಂಡತಿ, ಅವನ ತಾಯಿ, ಇನ್ನೊಂದೆರಡು ಸಂಸಾರ. ನಾನು ಆ ತಾಯಿಯ ಪಕ್ಕದಲ್ಲಿ ಹುಡುಕಿಕೊಂಡು ಹೋಗಿ ಕೂತೆ. ಅಜ್ಜಿಯ ಹಣೆಯ ವಿಭೂತಿ ನೋಡಿಯೇ ನನಗೆ ಬೇಕಾದ ನ್ಯಾಯಾಧೀಶರು ಇವರೇ ಎನ್ನಿಸಿತ್ತು. ಎಲೆಯ ಮೇಲೆ ಒಬ್ಬಟ್ಟು ಬಿತ್ತು. ಅಜ್ಜಿ ತಮ್ಮ ಲಿಂಗವನ್ನು ಅಂಗೈಯಲ್ಲಿಟ್ಟು ಕಣ್ಣಿಗೊತ್ತಿಕೊಂಡು ಮತ್ತೆ ಕರಡಿಗೆಗೆ ಸೇರಿಸಿದರು. ಮೇಸ್ತ್ರಿ ಸ್ವತಃ ತುಪ್ಪ ಬಡಿಸುತ್ತಾ ನಮ್ಮ ಮುಂದೆ ಬಂದಾಗ ಕೇಳಿದೆ:

"ಯಜಮಾನರೆ, ಆ ಬೀರುವಿನಲ್ಲಿರೋ ನಶ್ಯದ ಡಬ್ಬಿಗೆ ದಾರ ಪೋಣಿಸೋ ಕಿವಿ ಯಾಕಿದೆ?"

"ಅದಾ? ಸಾಹೇಬರ ಕಾಲದ್ದು ಕಣವ್ವ. ಯಾರ್ದೋ ಏನೋ. ತುಪ್ಪ ಬುಡ್ಲಾ?"

ಅಜ್ಜಿ ತಲೆಯೆತ್ತಿದರು. "ಕಿವಿ ಐತಾ? ಎಲ್ಲಿ, ತತ್ತಾ ನೋಡಾಣ."

"ಊಟ ಆಗ್ಲಿ ತಾಯಿ, ಆಮ್ಯಾಲೆ..."

"ಲೋ, ನೀನೇ ಎದ್ದು ತತ್ತಾರ್ಲಾ" ಎಂದರು ಅಜ್ಜಿ ಮಗನಿಗೆ. ಬೀರುವಿಗೆ ಬೀಗವಿರಲಿಲ್ಲ. ಕರಡಿಗೆ ಅಜ್ಜಿಯ ಕೈಗೆ ಬಂತು. ಒಂದು ಸಲ ತಿರುಗಿಸಿ ನೋಡಿದರು.

"ಇದು ಕರಡಿಗೆ ಅಲ್ವೇನಯ್ಯಾ! ಕೊರಳಾಗೆ ಲಿಂಗ ಕಟ್ಕಂಡಿದ್ದೀಯ, ಕರಡಿಗೆ ಗುರ್ತು ಸಿಗಾಕಿಲ್ವಾ ನಿಂಗೆ? ನಶ್ಯ ಅಂತೆ, ನಶ್ಯ!"

ಯಾರೋ ನಕ್ಕರು. ಮೇಸ್ತ್ರಿಯೂ ನಕ್ಕ. "ಗೊತ್ತು ತಾಯಿ, ಗೊತ್ತು. ಪಟ್ಟಣದ ಜನ ಬತ್ತಾರೆ, ಕರಡಿಗೆ ಅಂದ್ರೆ ತಿಳಿಯಾಕಿಲ್ಲ, ಅದ್ಕೆ ಅಂಗೆ ಬರ್ಸಿದ್ದು."

"ಒಳಗಿದ್ದ ಲಿಂಗ ಎಲ್ಲಿ?" ಎಂದೆ.

ಬಸ್ಸಿನಲ್ಲಿ ಯೋಚಿಸಿಕೊಂಡು ಬಂದಿದ್ದ ಪ್ರಶ್ನೆ ಅದೊಂದೇ. ಅವನಿಗೆ ಸುಳ್ಳು ಹೇಳಲು ದಾರಿ ಇತ್ತು. ಖಾಲಿ ಡಬ್ಬಿ ಸಿಕ್ಕಿತು ಎನ್ನಬಹುದಿತ್ತು. ಆದರೆ ಎದುರಿಗೆ ಕೂತಿದ್ದವರು ಆಚಾರವಂತ ಅಜ್ಜಿ, ಪಂಕ್ತಿಯ ತುಂಬ ನಮ್ಮವರು. ಲಿಂಗವನ್ನು ಹೇಗೆಂದರೆ ಹಾಗೆ ಎಸೆದ ಪಾಪಿ ಎಂಬ ಹೆಸರು ಬರಬಾರದೆಂದು ಅವನು ಬೇರೆ ದಾರಿ ಹಿಡಿದ.

"ಶಿವಶಿವಾ! ಅದರಾಗೆ ನಾ ಅಪಚಾರ ಮಾಡ್ತೀನಾ ತಾಯಿ? ಮಾಡಬೇಕಾದ್ದೆಲ್ಲ ಮಾಡಿದ್ದೀನಿ. ಕಬಿನಿ ಹೊಳೇಗೆ ತಕಂಡೋಗಿ, ಪೂಜೆ ಮಾಡಿ, ನೀರಿಗೆ ಬುಟ್ಟು, ಮುಳುಗೆದ್ದು ಬಂದಿದ್ದೀನಿ."

"ಅಂಗಾದ್ರೆ ಸತ್ತೋನ ಲಿಂಗ" ಎಂದರು ಅಜ್ಜಿ.

"ಹೂಂ ತಾಯಿ."

ಬದುಕಿರುವವನ ಲಿಂಗವನ್ನು ಯಾರೂ ಹೊಳೆಗೆ ಬಿಡುವುದಿಲ್ಲ. ಇದು ಅಲ್ಲಿದ್ದ ಪ್ರತಿಯೊಬ್ಬರಿಗೂ ಗೊತ್ತಿತ್ತು. ಮೇಸ್ತ್ರಿಗೂ ಗೊತ್ತಿತ್ತು, ನಾನು ಯಾರೆಂದು ಮಾತ್ರ ಗೊತ್ತಿರಲಿಲ್ಲ. ನಾನು ಎದ್ದು ನಿಂತು ಹೇಳಿದೆ. ನನ್ನ ನೆನಪಿನಲ್ಲಿ ಅದೊಂದು ದೊಡ್ಡ ಭಾಷಣ: ಅಂತರಸಂತೆ, ಅವ್ವನ ಬಳೆ, ಮಲೆಯಾಳದ ಕಾಗದ, ಹಾಡಿಯ ಇಬ್ಬರು, ಹದಿನೆಂಟು ವರ್ಷ, ಎಲ್ಲ ಒಂದಾದ ಮೇಲೊಂದು ಒಂದೂ ತಪ್ಪದೆ. ದಿನಚರಿಯಲ್ಲಿ ಮೂರೇ ಸಾಲು. "ಅದು ನಮ್ಮಪ್ಪನದು ಎಂದೆ. ಓಡಿಹೋದ ಎಂದು ಇವನು ಹೇಳಿ ಕಳಿಸಿದ ಎಂದೆ. ಕೂತುಬಿಟ್ಟೆ."

ಮೇಸ್ತ್ರಿಯ ಕೈಯಲ್ಲಿದ್ದ ತುಪ್ಪದ ಮಿಳ್ಳೆ ಓರೆಯಾಗಿ ಅವನ ಪಂಚೆಯ ಮೇಲೆ ಸುರಿಯುತ್ತಿತ್ತು. ಅಜ್ಜಿ ಕೇಳಿದರು:

"ನಿಜವೇನಯ್ಯ?"

ಅವನು ಮಿಳ್ಳೆಯನ್ನು ನೆಲಕ್ಕಿಟ್ಟು ಪಂಚೆ ಒರೆಸಿಕೊಳ್ಳತೊಡಗಿದ. ಅಜ್ಜಿ ತಮ್ಮ ಎಲೆಯನ್ನು ಮುಂದಕ್ಕೆ ತಳ್ಳಿದರು.

"ಎದ್ದೇಳ್ರಿ ಎಲ್ಲಾ."

"ಅವ್ವಾ, ಈಗ್ ತಾನೇ ಒಬ್ಬಟ್ಟು ಇಕ್ಕವ್ನೆ" ಎಂದ ಮಗ.

"ಏಳ್ಲಾ ಅಂದೆ! ಹೆಣದ ಮ್ಯಾಲೆ ಎಲೆ ಹಾಕವ್ನೆ, ನಿಂಗೆ ಒಬ್ಬಟ್ಟು ಬೇಕಾ? ಸತ್ತೋನ ಹೆಂಡ್ರಿಗೆ ಹೇಳ್ದೆ ಲಿಂಗ ನೀರಿಗೆ ಬುಟ್ಟೋನ ಮನೇಲಿ ನೀರೂ ಮುಟ್ಟಬಾರ್ದು."

ಬಡಿಸಿದ ಎಲೆಯ ಮುಂದಿನಿಂದ ಎದ್ದು ಹೋಗುವುದಕ್ಕಿಂತ ದೊಡ್ಡ ಶಾಪ ನಮ್ಮ ಜನರಲ್ಲಿಲ್ಲ. ಒಬ್ಬೊಬ್ಬರಾಗಿ ಎದ್ದರು. ಫೋಟೋ ತೆಗೆಸಿಕೊಂಡಿದ್ದ ಜೋಡಿಯೂ ಎದ್ದಿತು. ಹುಡುಗಿ ಏನೆಂದು ತಿಳಿಯದೆ ಗಂಡನ ಮುಖ ನೋಡುತ್ತಿದ್ದಳು. ತುಂಬಿದ ಎಲೆಗಳ ಸಾಲಿನ ನಡುವೆ ಮೇಸ್ತ್ರಿ ಒಬ್ಬನೇ ನಿಂತ. ನನಗೆ ಸಂತೋಷವಾಯಿತು. ಇದನ್ನು ನಾನು ಯಾವತ್ತೂ ಮುಚ್ಚಿಟ್ಟಿಲ್ಲ. ಆಮೇಲೆ ಎಂದಾದರೂ ಮನಸ್ಸು ಕರಗಿ ಅಯ್ಯೋ ಪಾಪ ಅನ್ನಿಸಬಹುದೆಂದು ಕಾದೆ. ಅನ್ನಿಸಲಿಲ್ಲ. ಇಂದಿಗೂ ಕೆಲವು ಸಲ ಆ ಎಲೆಗಳನ್ನು ನೆನೆದು ನಿದ್ದೆಹೋಗುತ್ತೇನೆ.

ಕರಡಿಗೆಯನ್ನು ಅಜ್ಜಿ ನನ್ನ ಸೆರಗಿಗೆ ಹಾಕಿದರು. ಹೊರಡುವಾಗ ಮೇಸ್ತ್ರಿ ಪಕ್ಕದ ಜಗಲಿಯ ಹತ್ತಿರ ನನ್ನನ್ನು ತಡೆದ. ಕೈಮುಗಿಯಲಿಲ್ಲ, ಅಳಲಿಲ್ಲ. ಅವನ ದನಿಯಲ್ಲಿ ಈಗ ಉಪಚಾರವಿರಲಿಲ್ಲ.

"ಸಾಹೇಬ ಮುಚ್ಚಿಸಿದ್ದ ಸುರಂಗ. ಒಳಗಿನ್ನೂ ಚಿನ್ನದ ಎಳೆ ಐತೆ ಅಂತ ನಾನೇ ಮೂರು ಜನಾನ ಕಳ್ಸಿದ್ದೆ. ಕುಸೀತು. ಹೇಳಿದ್ರೆ ನನ್ನ ಜೈಲಿಗೆ ಹಾಕೋರು. ಇದೇ ಬಾಯಿ ಕಣವ್ವ, ಸೋಡಾ ಇಟ್ಟಿರೋದು."

ನನ್ನ ಬಾಯಲ್ಲಿ ಆ ಸೋಡಾದ ರುಚಿ ಇನ್ನೂ ಇತ್ತು.

"ಅದರ ಮೇಲೆ ಬಂದು ಹೋಗೋರನ್ನೆಲ್ಲ ಕೂರಿಸಿದ್ದೀಯಲ್ಲ, ನೀನು ಮನುಷ್ಯನಾ?" ಎಂದೆ.

"ನನ್ನ ಏನಾದ್ರೂ ಅನ್ನು. ಆದ್ರೆ ಒಂದು ತಿಳ್ಕೊ." ಅವನು ಗೇಟಿನಾಚೆ ರಸ್ತೆಯತ್ತ ನೋಡಿದ. "ಆ ಮೋರಿ ಮ್ಯಾಲೆ ಕೂತವ್ನಲ್ಲ, ಅವ್ನು ನಿಮ್ ಮಾವ ಅಲ್ವಾ? ಅವತ್ತು ಕೇಳ್ಕಂಡು ಬಂದಾಗ ನಾ ಇರೋದೆಲ್ಲ ಹೇಳ್ದೆ. ಲಿಂಗ ಒಳಗಿದ್ದಂಗೇ ಈ ಕರಡಿಗೇನ ಅವ್ನ ಕೈಗೇ ಕೊಟ್ಟೆ. ಒಂದು ಗಳಿಗೆ ಇಟ್ಕಂಡು ನೋಡ್ದ. ತಿರುಗಿ ನನ್ ಕೈಗೇ ಇಟ್ಟು, 'ಬ್ಯಾಡ, ಹೊಳೇಗ್ ಬುಡು. ಓಡೋದ ಅಂತ ನಾ ಹೇಳ್ಕತೀನಿ' ಅಂದ. ಲಿಂಗ ಹೊಳೇಗ್ ಬುಟ್ಟೆ. ಡಬ್ಬಿ ಬುಡಾಕೆ ಮನಸಾಗ್ಲಿಲ್ಲ. ಓಡೋದ ಅನ್ನೋ ಮಾತು ನಂದಲ್ಲ ಕಣವ್ವ. ಹೋಗಿ ಅವನ್ನ ಕೇಳು."

ಇದು ಸುಳ್ಳಿರಬಹುದು. ಹದಿನೆಂಟು ವರ್ಷ ಹೆಣದ ಮೇಲೆ ಕೂತು ಸುಳ್ಳು ಹೇಳಿದವನು ಹದಿನೆಂಟು ವರ್ಷದ ಮೇಲೆ ಒಂದು ಗಳಿಗೆ ಏಕೆ ನಿಜ ಹೇಳಬೇಕು? ಎಲೆಗಳ ನಡುವೆ ಒಬ್ಬನೇ ನಿಂತ ಅವಮಾನಕ್ಕೆ ಅವನೂ ಒಂದು ಸೇಡು ತೀರಿಸಿಕೊಂಡಿರಬಹುದು. ನನ್ನಷ್ಟೇ ಜಾಣನಾಗಿದ್ದರೆ ಅವನು ಮಾಡುತ್ತಿದ್ದುದೂ ಅದನ್ನೇ. ಆದರೆ ಮಾವ ಗೇಟಿನೊಳಗೆ ಕಾಲಿಟ್ಟಿರಲಿಲ್ಲ.

ನಾನು ಹೊರಗೆ ಬಂದಾಗ ಅವನು ಅಡಿಕೆ ಕತ್ತರಿಸುತ್ತಿದ್ದ. ಸೆರಗಿನ ಗಂಟು ಬಿಚ್ಚಿ ತೋರಿಸಿದೆ. ನೋಡಿದ. ಕೈ ಚಾಚಲಿಲ್ಲ. "ಬಸ್ಸಿಗೆ ಹೊತ್ತಾತು" ಎಂದು ಎದ್ದ. ಬಸ್ಸಿನಲ್ಲಿ ನನಗೆ ಕೇಳಲು ಬೇಕಾದಷ್ಟು ಹೊತ್ತಿತ್ತು, ಕೇಳಲಿಲ್ಲ. ಗೆದ್ದುಕೊಂಡು ಬಂದದ್ದನ್ನು ಮನೆ ಮುಟ್ಟುವ ಮೊದಲೇ ಕೆಡಿಸಿಕೊಳ್ಳಲು ಮನಸ್ಸಿರಲಿಲ್ಲ ಎಂದು ಈಗ ಅನ್ನಿಸುತ್ತದೆ. ಹೆದರಿಕೆಯೂ ಇದ್ದಿರಬಹುದು. ನನ್ನ ಕಾಲೇಜಿನ ಪುಸ್ತಕಗಳನ್ನು ತಂದುಕೊಟ್ಟವನು, ಎಲ್ಲರ ಮಾತು ಮೀರಿ ನನ್ನನ್ನು ಓದಿಸಿದವನು ಅವನೇ.

ಅವ್ವ ಕರಡಿಗೆಯನ್ನು ಬೆಳಕಿಗೆ ಹಿಡಿದು ನೋಡಿದಳು. ತೇಪೆಯ ಮೇಲೆ ಹೆಬ್ಬೆಟ್ಟು ಸವರಿದಳು. ಮೇಸ್ತ್ರಿಯ ಬಾಯಿಂದ ಬಂದ 'ಹೂಂ' ಎಂಬುದನ್ನು, ಎದ್ದು ಹೋದ ಪಂಕ್ತಿಯನ್ನು ನಾನು ವಿಸ್ತಾರವಾಗಿ ಹೇಳಿದೆ. ಜಗಲಿಯ ಮಾತು ಹೇಳಲಿಲ್ಲ. ಅವಳು ಹಿಗ್ಗುತ್ತಾಳೆ, ಬಾವಿಕಟ್ಟೆಗೆ ಹೋಗಿ ಎಲ್ಲರಿಗೂ ಸಾರುತ್ತಾಳೆ ಎಂದುಕೊಂಡಿದ್ದೆ.

"ಓಡೋಗ್ಲಿಲ್ಲ" ಎಂದಳು. ಸ್ವಲ್ಪ ಹೊತ್ತಾದ ಮೇಲೆ ಮತ್ತೊಮ್ಮೆ, "ಓಡೋಗ್ಲಿಲ್ಲ." ಆಮೇಲೆ ಒಲೆಯ ಮುಂದೆ ಕೂತು, ಯಾರನ್ನೂ ಕರೆಯದೆ, ಬಳೆಗಳನ್ನು ಒಂದೊಂದಾಗಿ ಕಲ್ಲಿಗೆ ಬಡಿದಳು. ಗಂಡನನ್ನು ನಾನು ಅವಳಿಗೆ ತಿರುಗಿ ತಂದುಕೊಟ್ಟಿದ್ದೆ, ತಂದ ಕ್ಷಣವೇ ಅವಳು ಅವನನ್ನು ಕಳೆದುಕೊಂಡಳು. ಊರಿನ ಬಾಯಿ ಮುಚ್ಚಿತು, ಅದೂ ನಿಜ. ಮಲೆಯಾಳದ ಕಾಗದದ ಮಾತಾಡಿದ್ದವಳು ಮೊರದ ತುಂಬ ಅಕ್ಕಿ ತಂದು ಅವ್ವನ ಮುಂದಿಟ್ಟು ಅತ್ತಳು. ಆ ದಿನವನ್ನೂ ನಾನು ದಿನಚರಿಯಲ್ಲಿ ಬರೆದಿಟ್ಟಿದ್ದೇನೆ, ಅವಳ ಹಳೆಯ ಮಾತಿನ ಪಕ್ಕದಲ್ಲೇ.

ನಮ್ಮಲ್ಲಿ ಸತ್ತವರನ್ನು ಕೂರಿಸಿ ಹೂಳುತ್ತಾರೆ. ಕೂರಿಸಲು ಯಾರೂ ಇರಲಿಲ್ಲ. ಕರಡಿಗೆಯೊಂದನ್ನೇ ಹೊಲದಲ್ಲಿ ಹೂಳಿ ಎಂದರು ಮಠದ ಅಯ್ಯನವರು. ಹಾಡಿಯ ಮುದುಕಿಯೂ ಬಂದು ಬದುವಿನ ಮೇಲೆ ನಿಂತಿದ್ದಳು. ಆಳುಗಳಿದ್ದರೂ ಮಾವ ಯಾರಿಗೂ ಗುದ್ದಲಿ ಕೊಡದೆ ತಾನೇ ಅಗೆದ. ಅಂಗೈಯಗಲದ ಡಬ್ಬಿಗೆ ಸೊಂಟದಾಳದ ಗುಂಡಿ. ಸಾಕು ಎಂದರು, ಅವನು ಕೇಳಲಿಲ್ಲ.

ಸಾಲಿಗ್ರಾಮದ ಅಜ್ಜಿ ಸುಮ್ಮನಿರಲಿಲ್ಲ ಎಂದು ಆಮೇಲೆ ತಿಳಿಯಿತು. ಮುಂದಿನ ಬೇಸಿಗೆಗೆ ನಮ್ಮ ಕಡೆಯ ಒಂದು ಸಂಸಾರವೂ ಆ ಬಂಗಲೆಗೆ ಹೋಗಲಿಲ್ಲ; ಅದರ ಮುಂದಿನ ಬೇಸಿಗೆಗೆ ಬೋರ್ಡು ಬೇರೆಯವರದಾಗಿತ್ತು. ಮೇಸ್ತ್ರಿ ಎಲ್ಲಿಗೆ ಹೋದನೋ ಗೊತ್ತಿಲ್ಲ. ಓಡಿಹೋದ ಎಂದರು. ನಾನು ನಕ್ಕೆ.

ಮಾವ ಈಗಲೂ ಇದ್ದಾನೆ. ಕಿವಿ ಕೇಳಿಸುವುದಿಲ್ಲ ಎನ್ನುತ್ತಾನೆ, ಕಣ್ಣು ಮಾತ್ರ ಚುರುಕಾಗಿದೆ, ಅಚ್ಚಾದುದೆಲ್ಲವನ್ನೂ ಓದುತ್ತಾನೆ. ಅವನು ಅವ್ವನ ಕುಂಕುಮ ಉಳಿಸಲು ಹಾಗೆ ಮಾಡಿದನೇ, ಆ ಮುದ್ದೆಯ ಮಾತು ಅಪ್ಪನನ್ನು ಕೊಂದಿತು ಎಂದು ಯಾರೂ ಹೇಳದಿರಲಿ ಎಂದು ಮಾಡಿದನೇ, ಅಥವಾ ಏನೂ ಮಾಡಿಯೇ ಇಲ್ಲವೇ, ನನಗೆ ಗೊತ್ತಿಲ್ಲ. ಅವ್ವ ತಿಳಿಯದೆಯೇ ಹೋದಳು. ಗುಂಡಿ ಮುಚ್ಚಿ ಎಲ್ಲರೂ ಮನೆಯತ್ತ ಹೊರಟ ಮೇಲೆ ಅವನು ಕಾಲುವೆಯಲ್ಲಿ ಕೈಯ ಮಣ್ಣು ತೊಳೆಯುತ್ತಿದ್ದ. ನಾನು ಹಿಂದೆ ನಿಂತು ಕೇಳಿದೆ. ತೊಳೆದ ಕೈಯನ್ನೇ ಮತ್ತೆ ಮತ್ತೆ ತೊಳೆದ, ತಿರುಗಿ ನೋಡಲಿಲ್ಲ. ಅಂದು ಕೇಳಿದ ಮಾತನ್ನೇ ಅವನಿಗೆ ಓದಲು ಇಲ್ಲಿ ಬರೆದಿಟ್ಟಿದ್ದೇನೆ:

"ಮಾವ, ಆವತ್ತು ಅವನು ಕರಡಿಗೇನ ನಿನ್ನ ಕೈಗೆ ಕೊಟ್ಟಿದ್ದು ನಿಜವಾ?"